ನೋಬಿಸ್ ಆಯ್ತಾ ಬಾಯಮ್ಮ?

ವಿಶಾಖಪಟ್ಟಣದ ಹಳೇ ಊರಿನಲ್ಲಿ, ಬಂದರಿನ ಬಾಯಿಯ ಹತ್ತಿರ ಮೂರು ಗುಡ್ಡಗಳಿವೆ. ಒಂದರ ಮೇಲೆ ವೆಂಕಟೇಶ್ವರ, ಒಂದರ ಮೇಲೆ ದರ್ಗಾ, ಇನ್ನೊಂದರ ಮೇಲೆ ನಮ್ಮ ಮರಿಯಮ್ಮ. ಮೂರೂ ಒಂದೇ ಕಿಟಕಿಯಿಂದ ಕಾಣುವ ಮನೆಯಲ್ಲಿ ನಾನು ಬೆಳೆದೆ ಎಂದು ಎಷ್ಟೋ ಜನರ ಹತ್ತಿರ ಹೇಳಿಕೊಂಡಿದ್ದೇನೆ. ಸುಳ್ಳು. ನಮ್ಮ ಕಿಟಕಿಯಿಂದ ಕಾಣುತ್ತಿದ್ದದ್ದು ಪಕ್ಕದ ಮನೆಯ ಗೋಡೆ, ಅದರ ಮೇಲೆ ಒಣಹಾಕಿದ ಭಟ್ರ ಪಂಚೆ.

ಪಪ್ಪ ಮಂಗಳೂರಿನಿಂದ ಬಂದು ಪೋರ್ಟಿನಲ್ಲಿ ಗುಮಾಸ್ತರಾಗಿದ್ದರು. ಭಟ್ರು ಕುಂದಾಪುರದ ಕಡೆಯವರು, ಊರಿನ ಒಂದು ಉಡುಪಿ ಹೋಟೆಲಿನ ಗಲ್ಲೆಯಲ್ಲಿ ಕೂರುತ್ತಿದ್ದರು. ಎರಡೂ ಮನೆಗೆ ಒಬ್ಬನೇ ಮಾಲೀಕ, ಒಂದೇ ಬಾವಿ, ನಡುವೆ ಒಂದು ಇಟ್ಟಿಗೆಯ ಗೋಡೆ. ನಮ್ಮ ಮನೆಯೊಳಗೆ ಕೊಂಕಣಿ, ಬೀದಿಯಲ್ಲಿ ತೆಲುಗು, ಕಾನ್ವೆಂಟಿನಲ್ಲಿ ಇಂಗ್ಲಿಷು. ಕನ್ನಡ ಇದ್ದದ್ದು ಬಾವಿಕಟ್ಟೆಯಲ್ಲಿ. ಅಮ್ಮ ಮತ್ತು ಭಟ್ರಮ್ಮ ಅಲ್ಲಿ ನಿಂತು ಊರಿನ ಕನ್ನಡ ಆಡುತ್ತಿದ್ದರು. ನಾನು ಈಗ ಬರೆಯುತ್ತಿರುವ ಭಾಷೆ ಆ ಬಾವಿಕಟ್ಟೆಯದು.

ಸಂಜೆ ಏಳಕ್ಕೆ ನಮ್ಮಲ್ಲಿ ತೆರ್ಸ್. ಜಪಸರ ಹಿಡಿದು ಐವತ್ತು ಮಣಿ ಮುಗಿಸಿದ ಮೇಲೆ ಮಾತೆಯ ಹೆಸರುಗಳನ್ನು ಒಂದೊಂದಾಗಿ ಕರೆಯುವುದಿರುತ್ತದೆ. ನಿಮ್ಮ ಅಷ್ಟೋತ್ತರದ ಹಾಗೆ ಅಂದುಕೊಳ್ಳಿ. ಪಪ್ಪ ಲ್ಯಾಟಿನ್ನಿನಲ್ಲಿ ಹೆಸರು ಹೇಳುವುದು, ನಾವೆಲ್ಲ ಒಂದೇ ಉತ್ತರ ಕೊಡುವುದು. ಆ ಉತ್ತರದ ಕೊನೆಯ ಪದ ‘ನೋಬಿಸ್’. ಇಟ್ಟಿಗೆ ಗೋಡೆಯಾಚೆಗೆ ಹೋಗಿ ಬೀಳುತ್ತಿದ್ದದ್ದು ಆ ಒಂದು ಪದ ಮಾತ್ರ. ನಲವತ್ತು ಐವತ್ತು ಸಲ ನೋಬಿಸ್, ನೋಬಿಸ್ ಎಂದು ಕೇಳಿ ಕೇಳಿ ಭಟ್ರಮ್ಮ ನಮ್ಮ ಪ್ರಾರ್ಥನೆಗೇ ಆ ಹೆಸರು ಇಟ್ಟುಬಿಟ್ಟಿದ್ದರು. ಏಳೂವರೆಗೆ ಗೋಡೆಯ ಮೇಲಿಂದ ಒಂದು ಬಟ್ಟಲು ಹುಳಿಯೋ, ಪತ್ರೊಡೆಯೋ ಇಳಿದುಬರುತ್ತಿತ್ತು. ಜೊತೆಗೆ ಅಮ್ಮನಿಗೆ ಪ್ರಶ್ನೆ, “ನೋಬಿಸ್ ಆಯ್ತಾ ಬಾಯಮ್ಮ?” ಆಗದಿದ್ದರೆ ಬಟ್ಟಲು ಗೋಡೆಯ ಮೇಲೆಯೇ ಕಾಯುತ್ತಿತ್ತು. ನೋಬಿಸ್ ಆಗುವ ಮೊದಲು ಕರೆದರೆ ನಮಗೆ ದೋಷ ಎಂದು ಆಕೆ ಹೇಗೋ ತೀರ್ಮಾನಿಸಿದ್ದರು.

ಭಟ್ರ ಮಗಳು ನನ್ನ ಓರಗೆಯವಳು. ಹೆಸರು ಬರೆಯಬೇಡ ಎಂದಿದ್ದಾಳೆ, ಬ್ಯಾಂಕಿನಲ್ಲಿ ದುಡಿದು ನಿವೃತ್ತಳಾದವಳ ಎಚ್ಚರಿಕೆ ಅದು. 1963ರಲ್ಲಿ ಇಬ್ಬರನ್ನೂ ಒಂದೇ ದಿನ ಒಂದೇ ಕಾನ್ವೆಂಟಿಗೆ ಸೇರಿಸಿದರು. ಭಟ್ರಿಗೆ ಅದರ ಬಗ್ಗೆ ಎಳ್ಳಷ್ಟೂ ಅಳುಕು ಇರಲಿಲ್ಲ. “ಇಂಗ್ಲಿಷು ಅವರ ಹತ್ರ ಉಂಟು, ಶಿಸ್ತು ಅವರ ಹತ್ರ ಉಂಟು, ದೇವರು ನಮ್ಮ ಮನೇಲಿ ಉಂಟು” ಎನ್ನುತ್ತಿದ್ದರು.

ಪಪ್ಪನಿಗೆ ಮಾತ್ರ ಶಾಲೆ ಎಂದರೆ ತನ್ನ ಮಂಗಳೂರಿನ ಸಂತ ಅಲೋಶಿಯಸ್. ಗುಡ್ಡದ ಮೇಲಿನ ಆ ಕಾಲೇಜು, ಮೊಸ್ಕೇನಿ ಎಂಬ ಇಟಲಿಯ ಸನ್ಯಾಸಿ ಗೋಡೆ ಬಿಡದೆ ಬಣ್ಣ ತುಂಬಿದ ಅದರ ಪ್ರಾರ್ಥನಾಲಯ. ಅಣ್ಣನನ್ನು ಹಳೇ ಊರಿನ ಸಂತ ಅಲೋಶಿಯಸ್ ಶಾಲೆಗೆ ಸೇರಿಸುವಾಗ, ನಮ್ಮೂರಿನದರ ನಕಲು ಇಲ್ಲೂ ಒಂದುಂಟು ಎಂದು ಸಂತೋಷಪಟ್ಟರಂತೆ. ಗೋಡೆಯ ಮೇಲಿನ ವರ್ಷ ಓದಿದ ಮೇಲೆ ಮುಖ ಸಣ್ಣಗಾಯಿತು. ಮಂಗಳೂರಿನದು 1880ರದು, ಇಲ್ಲಿಯದು 1847ರದು. ಸಂತ ಫ್ರಾನ್ಸಿಸ್ ದ ಸಾಲ್ಸರ ಸಭೆಯ ಪಾದ್ರಿಗಳು ಆನ್ಸಿ ಎಂಬ ಊರಿನಿಂದ ಹೊರಟು 1846ರಲ್ಲೇ ವಿಶಾಖಪಟ್ಟಣ ಮುಟ್ಟಿದ್ದರು. ಹಿಂದೆಯೇ ಅದೇ ಊರಿನ ಸಂತ ಜೋಸೆಫರ ಸಿಸ್ಟರುಗಳೂ ಬಂದರು. ಈ ಮಾತು ಬಂದಾಗಲೆಲ್ಲ ಭಟ್ರು ಮೀಸೆಯಡಿಯಲ್ಲಿ ನಗುತ್ತಿದ್ದರು. “ನಮ್ಮವರು ಬಂದದ್ದು ಅದಕ್ಕಿಂತ ಆರುನೂರು ವರ್ಷ ಮೊದಲು ಪೊರ್ಬುಗಳೇ. ಮಧ್ವಾಚಾರ್ಯರ ಶಿಷ್ಯರು ನರಹರಿತೀರ್ಥರು ಕಳಿಂಗದ ಅರಸರಲ್ಲಿ ಅಧಿಕಾರ ನಡೆಸಿದವರು. ಶ್ರೀಕೂರ್ಮದಲ್ಲಿ, ಸಿಂಹಾಚಲದಲ್ಲಿ ಅವರ ಶಾಸನ ಉಂಟು. ಆಮೇಲೆ ಕೃಷ್ಣದೇವರಾಯ ಬಂದ, 1516ರಲ್ಲಿ. ಅವನದ್ದೂ ಉಂಟು.” ಪಪ್ಪನ ಹತ್ತಿರ ಇದಕ್ಕೆ ಉತ್ತರವಿರಲಿಲ್ಲ. ಗುಮಾಸ್ತನೂ ಗಲ್ಲೆಯವನೂ ಕೂತು ಪರ ಊರಿನ ಮೇಲೆ ಹಕ್ಕು ಸ್ಥಾಪಿಸುತ್ತಿದ್ದ ಆ ಜಗಲಿ ಈಗ ಇಲ್ಲ.

ಕಾನ್ವೆಂಟಿನಲ್ಲಿ ಮೊದಲ ಪಿರಿಯಡ್ ನಮ್ಮಿಬ್ಬರನ್ನು ಬೇರೆ ಮಾಡುತ್ತಿತ್ತು. ಹಾಜರಿ ಮುಗಿದ ಕೂಡಲೇ ಕ್ಯಾಥೊಲಿಕರು ಎದ್ದು ಸಾಲಾಗಿ ಚಾಪೆಲ್ಲಿನ ಪಕ್ಕದ ಕೋಣೆಗೆ ಹೋಗಬೇಕು, ನಮಗೆ ಧರ್ಮೋಪದೇಶ. ಉಳಿದವರು ಅಲ್ಲೇ ಕೂರಬೇಕು, ಅವರಿಗೆ ಮಾರಲ್ ಸೈನ್ಸ್. ನಲವತ್ತು ಜನರಲ್ಲಿ ಎದ್ದು ಹೋಗುವವರು ಒಂಬತ್ತು. ನಮ್ಮದು ಬಾಯಿಪಾಠದ ಕಸರತ್ತು. ಪ್ರಶ್ನೆಗೆ ಉತ್ತರ ಅಕ್ಷರ ತಪ್ಪದೆ ಬರಬೇಕು. ಅರ್ಥ ಆಮೇಲೆ ಬರುತ್ತದೆ ಎಂದು ಸಿಸ್ಟರ್ ಹೇಳುತ್ತಿದ್ದರು. ಕೆಲವು ಬಂದಿವೆ, ಕೆಲವಕ್ಕೆ ಈಗಲೂ ಕಾಯುತ್ತಿದ್ದೇನೆ. ಸರಿಯಾಗಿ ಹೇಳಿದರೆ ಅಂಚಿಗೆ ಚಿನ್ನದ ಬಣ್ಣ ಬಳಿದ ಸಂತರ ಚಿತ್ರದ ಚೀಟಿ ಸಿಗುತ್ತಿತ್ತು.

ಮಧ್ಯಾಹ್ನದ ಡಬ್ಬಿ ಬಿಚ್ಚುವಾಗ ಲೆಕ್ಕ ಒಪ್ಪಿಸುವುದು. ಭಟ್ರ ಮಗಳ ಕಥೆಯಲ್ಲಿ ದಿನವೂ ಒಬ್ಬ ಹುಡುಗನಿಗೆ ದಾರಿಯಲ್ಲಿ ಪರ್ಸು ಸಿಗುತ್ತಿತ್ತು, ಅವನು ತಿರುಗಿ ಕೊಡುತ್ತಿದ್ದ, ಪರ್ಸಿನ ಯಜಮಾನ ಅವನಿಗೆ ಕೆಲಸ ಕೊಡುತ್ತಿದ್ದ. ನನ್ನ ಕಥೆಯಲ್ಲಿ ಒಬ್ಬಳು ತಟ್ಟೆಯಲ್ಲಿ ತನ್ನ ಕಣ್ಣುಗಳನ್ನೇ ಇಟ್ಟುಕೊಂಡು ನಿಂತಿದ್ದಳು, ಒಬ್ಬನನ್ನು ಕಾದ ಕಬ್ಬಿಣದ ಮೇಲೆ ಹುರಿದಿದ್ದರು, ಮಿಕ್ಕವರನ್ನು ಸಿಂಹದ ಬಾಯಿಗೆ ಹಾಕಿದ್ದರು. ಅವಳಿಗೆ ಹೊಟ್ಟೆಕಿಚ್ಚು. “ನಿಮ್ಮದೇ ಚೆಂದ ಮಾರಾಯ್ತಿ, ನಮ್ಮದರಲ್ಲಿ ಬರೀ ಪರ್ಸು.” ಸಿಂಹದ ವಿಷಯದಲ್ಲಿ ಮಾತ್ರ ಅವಳಿಗೆ ತಕರಾರಿತ್ತು. ಅವಳ ಸಿಂಹ ಒಳ್ಳೆಯವರನ್ನು ತಿನ್ನುವುದಿಲ್ಲ, ಒಳ್ಳೆಯವರ ಅಪ್ಪನನ್ನು ತಿನ್ನುತ್ತದೆ.

ಒಂದು ವರ್ಷ, ನಾವು ಮೂರನೇ ತರಗತಿಯಲ್ಲಿದ್ದಾಗ, ಈಸ್ಟರ್‌ಗೆ ಎರಡು ವಾರ ಇರುವಾಗ ಅವಳು ನನ್ನ ಹಿಂದೆ ಚರ್ಚಿನೊಳಗೆ ಬಂದಳು. ಅಲ್ಲಿ ಮಾತೆ, ಜೋಸೆಫರು, ಶಿಲುಬೆ, ಎಲ್ಲದಕ್ಕೂ ನೇರಳೆ ಬಟ್ಟೆ ಹೊದಿಸಿದ್ದರು. ಯೇಸುವಿನ ಯಾತನೆಯ ದಿನಗಳು ಹತ್ತಿರ ಬಂದಾಗ ಹಾಗೆ ಮುಚ್ಚುವುದು ಹಳೆಯ ಪದ್ಧತಿ, ಶಿಲುಬೆಯದನ್ನು ಶುಭ ಶುಕ್ರವಾರ, ಉಳಿದವನ್ನು ಹಬ್ಬದ ರಾತ್ರಿ ತೆಗೆಯುತ್ತಾರೆ. ಅವಳು ತುಂಬ ಹೊತ್ತು ನೋಡಿ ನನ್ನ ಕಿವಿಯಲ್ಲಿ, “ದೇವರಿಗೆ ಹುಷಾರಿಲ್ವಾ?” ಎಂದು ಕೇಳಿದಳು.

ಮುಂದಿನ ತಿಂಗಳು ಅಕ್ಷಯ ತೃತೀಯ. ಭಟ್ರು ನನ್ನನ್ನೂ ಕಟ್ಟಿಕೊಂಡು ಸಿಂಹಾಚಲಕ್ಕೆ ಹೊರಟರು. ಬಸ್ಸಿನಲ್ಲಿ ಒಂದು ಗಂಟೆ, ಆಮೇಲೆ ಮೆಟ್ಟಿಲು. ಇಕ್ಕೆಲದ ಗುಡ್ಡದಲ್ಲಿ ಅನಾನಸು, ಬುಟ್ಟಿಗಳಲ್ಲಿ ಸಂಪಿಗೆ. ಬೆವರು, ಸಂಪಿಗೆ, ಗಂಧ ಮೂರೂ ಬೆರೆತ ಆ ವಾಸನೆಯನ್ನು ನಾನು ಬೇರೆಲ್ಲೂ ಕಂಡಿಲ್ಲ. ಅಲ್ಲಿನ ವರಾಹ ನರಸಿಂಹನಿಗೆ, ಜನರ ಬಾಯಲ್ಲಿ ಅಪ್ಪನ್ನನಿಗೆ, ವರ್ಷವಿಡೀ ಮೈತುಂಬ ಗಂಧದ ಲೇಪ. ನೋಡಿದರೆ ಲಿಂಗದ ಹಾಗೆ ಕಾಣುತ್ತಾನೆ. ಆ ಒಂದು ದಿನ ಮಾತ್ರ ಗಂಧ ತೆಗೆದು ನಿಜರೂಪ ತೋರಿಸುತ್ತಾರೆ, ಅಂದೇ ರಾತ್ರಿ ಮತ್ತೆ ಹಚ್ಚಲು ಶುರು. ಸಾಲಿನಲ್ಲಿ ನಿಂತು ಕಾಲು ಸೋತಾಗ ಅವಳು ಲೆಕ್ಕ ಒಪ್ಪಿಸಿದಳು: “ನಿಮ್ಮ ದೇವರು ವರ್ಷ ಪೂರ್ತಿ ಕಾಣ್ತಾನೆ, ಎರಡು ವಾರ ಮುಚ್ಕೊಳ್ತಾನೆ. ನಮ್ಮ ದೇವರು ವರ್ಷ ಪೂರ್ತಿ ಮುಚ್ಕೊಳ್ತಾನೆ, ಒಂದು ದಿನ ಕಾಣ್ತಾನೆ.” ಯಾರದು ಹೆಚ್ಚು ಎಂದು ಇಬ್ಬರಿಗೂ ತೀರ್ಮಾನಿಸಲಾಗಲಿಲ್ಲ.

ಬೇಸಿಗೆ ರಜೆ ಮುಗಿದ ಮೇಲೆ ನಾನು ಈ ವಿಷಯವನ್ನು ಧರ್ಮೋಪದೇಶದ ಸಿಸ್ಟರಿಗೆ ಹೇಳಿದೆ. ಬೈಗುಳ ಬರುತ್ತದೆ ಎಂದು ಉಳಿದ ಎಂಟು ಮಂದಿ ಉಸಿರು ಹಿಡಿದು ಕೂತಿದ್ದರು. ಸಿಸ್ಟರ್ ಸೀಮೆಸುಣ್ಣ ಕೆಳಗಿಟ್ಟರು. ಆ ಊರಿಗೆ ಬಂದು ಇಪ್ಪತ್ತು ವರ್ಷವಾಗಿದ್ದರೂ ಅವರು ಸಿಂಹಾಚಲದ ಮೆಟ್ಟಿಲು ಕಂಡವರಲ್ಲ. “ಗಂಧ ತೆಗೆದ ಮೇಲೆ ಹೇಗಿದ್ದ?” ಎಂದು ಕೇಳಿದರು. ನನಗೆ ಗೊತ್ತಿರಲಿಲ್ಲ. ಭಟ್ರ ಹೆಗಲ ಮೇಲಿಂದ ನಾನು ಕಂಡದ್ದು ಒಂದು ದೀಪ ಮತ್ತು ನೂರಾರು ತಲೆ. ಹಾಗೆಂದೆ. ಅವರ ಮುಖದಲ್ಲಿ ಕಂಡದ್ದು ನಿರಾಸೆ ಎಂದು ಆಗಲೇ ನನಗೆ ಅನ್ನಿಸಿತ್ತು, ಈಗಲೂ ಹಾಗೇ ಅನ್ನಿಸುತ್ತದೆ. ಆಮೇಲೆ ಸೀಮೆಸುಣ್ಣ ಎತ್ತಿಕೊಂಡು ಪಾಠ ಮುಂದುವರಿಸಿದರು.

ಆ ಹೊತ್ತಿಗೆ ರೋಮಿನಲ್ಲಿ ಎರಡನೇ ವ್ಯಾಟಿಕನ್ ಮಹಾಸಭೆ ಮುಗಿದಿತ್ತು. 1962ರಿಂದ 65ರವರೆಗೆ ಬಿಷಪರೆಲ್ಲ ಕೂತು ತೀರ್ಮಾನಿಸಿದ್ದು ನಮ್ಮ ಓಣಿಗೆ ಬಂದದ್ದು ತುಂಡು ತುಂಡಾಗಿ. ಮೊದಲು ಪಾದ್ರಿ ನಮ್ಮ ಕಡೆ ತಿರುಗಿದರು. ಸಿಸ್ಟರುಗಳ ತಲೆಯ ಬಟ್ಟೆ ಗಿಡ್ಡವಾಯಿತು, ಕೆಲವರು ಸೀರೆಗೆ ಬಂದರು, ಅವರಿಗೂ ಕೂದಲಿದೆ ಎಂದು ನಮಗೆ ಗೊತ್ತಾಯಿತು. ನೇರಳೆ ಬಟ್ಟೆ ಯಾವ ವರ್ಷ ನಿಂತಿತೋ ಯಾರೂ ಗಮನಿಸಲಿಲ್ಲ. ಲ್ಯಾಟಿನ್ ಒಂದೊಂದೇ ಪ್ರಾರ್ಥನೆಯಾಗಿ ಸವೆದು, 1969ರ ಕೊನೆಗೆ ಹೊಸ ಪೂಜಾವಿಧಿ ಬರುವಷ್ಟರಲ್ಲಿ ಬಲಿಪೂಜೆ ಪೂರಾ ತೆಲುಗಾಗಿತ್ತು.

ಜನರ ಭಾಷೆಯಲ್ಲಿ ಪೂಜೆ ಎಂದು ಎಲ್ಲರೂ ಹಿಗ್ಗಿದರು, ಹಿಗ್ಗಬೇಕಾದದ್ದೇ. ಚರ್ಚಿನ ಹಿಂದಿನ ಸಾಲಿನಲ್ಲಿ ಸುಮ್ಮನೆ ಮಣಿ ಎಣಿಸುತ್ತಿದ್ದ ಮುದುಕಿಯರು ಗಂಟಲೆತ್ತಿ ಹಾಡತೊಡಗಿದರು. ಅಮ್ಮ ಮಾತ್ರ ಅಂದು ಮನೆಗೆ ಬಂದು ಬಾವಿಕಟ್ಟೆಯಲ್ಲಿ ಅತ್ತರು. ಲ್ಯಾಟಿನ್ ಅವರಿಗೂ ಅರ್ಥವಾಗುತ್ತಿರಲಿಲ್ಲ. ಆದರೆ ಮಂಗಳೂರಿನ ಚರ್ಚಿನಲ್ಲಿ ಹುಡುಗಿಯಾಗಿದ್ದಾಗ ಕೇಳಿದ ಅದೇ ಸದ್ದು, ಅದೇ ಜಾಗದಲ್ಲಿ ಅದೇ ಗಂಟೆ. ಕಣ್ಣು ಮುಚ್ಚಿದರೆ ಊರು. ಅದು ಯಾರದೂ ಅಲ್ಲದ ಭಾಷೆಯಾದ್ದರಿಂದ ನಮ್ಮದೂ ಆಗಿತ್ತು. ತೆಲುಗಾದ ದಿನ ಅಮ್ಮ ಆ ಚರ್ಚಿನಲ್ಲಿ ಪರ ಊರಿನವರಾದರು. “ತರಕಾರಿ ತಗೊಳ್ಳುವಷ್ಟು ತೆಲುಗು ಉಂಟು ಅಕ್ಕ, ದೇವರ ಹತ್ರ ಮಾತಾಡುವಷ್ಟು ಇಲ್ಲ” ಎಂದದ್ದು ನನಗೆ ನೆನಪಿದೆ. ಭಟ್ರಮ್ಮ, “ನಮಗೆ ಸಂಸ್ಕೃತ ಅರ್ಥ ಆಗ್ತದಾ ಬಾಯಮ್ಮ? ಅರ್ಥ ಆದ್ರೆ ನಿದ್ದೆ ಬರೂದಿಲ್ಲ” ಎಂದು ಸಮಾಧಾನ ಮಾಡಿದರು. ಹೇಗೆ ಸಮಾಧಾನವೋ ಗೊತ್ತಿಲ್ಲ, ಅಮ್ಮ ನಕ್ಕರು.

ಪಾಪನಿವೇದನೆಯದು ಇನ್ನೂ ದೊಡ್ಡ ಕಷ್ಟ. ಪಾಪಗಳ ತೆಲುಗು ಹೆಸರು ಯಾರನ್ನು ಕೇಳುವುದು? ಒಮ್ಮೆ ತರಕಾರಿಯವಳನ್ನು ಕೇಳಿದಾಗ ಅವಳು ಗಾಬರಿಯಾದಳು. ಅಮ್ಮ ವರ್ಷಗಟ್ಟಲೆ ಒಂದೇ ಪಾಪ ಹೇಳಿ ಮುಗಿಸುತ್ತಿದ್ದರು, ಸಿಟ್ಟು.

ಅಮ್ಮನ ಇನ್ನೊಂದು ಪಾಪವನ್ನು ಅವರು ಪಾಪವೆಂದು ಎಣಿಸಿರಲೇ ಇಲ್ಲ. ಆ ಚರ್ಚಿನಲ್ಲಿ ನಮ್ಮ ಸುತ್ತ ಕೂರುತ್ತಿದ್ದವರಲ್ಲಿ ಹೆಚ್ಚಿನವರು ಮಾಲ, ಮಾದಿಗ ಮನೆತನದವರು. ಮಂಗಳೂರಿನ ಕೊಂಕಣಿ ಕ್ಯಾಥೊಲಿಕರು ಜನಿವಾರ ಬಿಟ್ಟರೂ ಜಾತಿ ಬಿಟ್ಟವರಲ್ಲ. ಅಮ್ಮ ಅವರ ಜೊತೆ ಒಂದೇ ಬೆಂಚಿನಲ್ಲಿ ಮೊಣಕಾಲೂರುತ್ತಿದ್ದರು, ಅವರ ಮನೆಯಲ್ಲಿ ನೀರು ಕುಡಿಯುತ್ತಿರಲಿಲ್ಲ. ಭಟ್ರ ಮನೆಯ ಹುಳಿ ಗೋಡೆ ಇಳಿಯುತ್ತಿತ್ತು. ಸ್ವಧರ್ಮದವರ ಕ್ರಿಸ್ಮಸ್ ಕಜ್ಜಾಯ, ಅರಿಸೆಲು, ನಮ್ಮ ಅಡಿಗೆಮನೆಯ ಹೊರಗೇ ಉಳಿಯುತ್ತಿತ್ತು. ಇದು ವಿಚಿತ್ರ ಎಂದು ನನಗೆ ಹೊಳೆಯಲು ಹದಿನೈದು ವರ್ಷ ತುಂಬಬೇಕಾಯಿತು.

ನಮ್ಮ ತರಗತಿಯಲ್ಲಿ ಒಬ್ಬಳಿದ್ದಳು. ಭಾನುವಾರ ಚರ್ಚಿನಲ್ಲಿ ನಮ್ಮ ಮುಂದಿನ ಸಾಲಿನಲ್ಲಿ ಕೂತು ಎಲ್ಲರಿಗಿಂತ ಚೆನ್ನಾಗಿ ಹಾಡುತ್ತಿದ್ದಳು. ಸೋಮವಾರ ಮೊದಲ ಪಿರಿಯಡ್ಡಿನಲ್ಲಿ ನಾವು ಎದ್ದರೆ ಅವಳು ಏಳುತ್ತಿರಲಿಲ್ಲ. ಮಾರಲ್ ಸೈನ್ಸಿನವರ ಜೊತೆ ತಲೆ ತಗ್ಗಿಸಿ ಕೂರುತ್ತಿದ್ದಳು. ಹಾಜರಿ ಪುಸ್ತಕದಲ್ಲಿ ಅವಳು ಹಿಂದೂ. 1950ರ ರಾಷ್ಟ್ರಪತಿಗಳ ಆದೇಶದ ಪ್ರಕಾರ ಕ್ರೈಸ್ತರಾದವರು ಪರಿಶಿಷ್ಟ ಜಾತಿಯ ಪಟ್ಟಿಯಿಂದ ಹೊರಗೆ, ಕ್ರೈಸ್ತಳೆಂದು ಬರೆಸಿದರೆ ವಿದ್ಯಾರ್ಥಿವೇತನ ಹೋಗುತ್ತದೆ. ಇದು ನನಗೆ ತಿಳಿದದ್ದು ಕಾಲೇಜಿಗೆ ಬಂದ ಮೇಲೆ. ಆಗ ನಮಗೆ ತಿಳಿದಿದ್ದು ಇಷ್ಟೇ, ಅವಳನ್ನು ಆ ಬಗ್ಗೆ ಕೇಳಬಾರದು. ಸಿಸ್ಟರೂ ಕೇಳಲಿಲ್ಲ. ಒಂದು ದಿನ ಭಟ್ರ ಮಗಳು ನನ್ನಿಂದ ಇಸಿದುಕೊಂಡ ಸಂತ ತೆರೇಸಳ ಚೀಟಿಯನ್ನು ಅವಳ ಪುಸ್ತಕದೊಳಗೆ ಸಿಕ್ಕಿಸಿದ್ದನ್ನು ಕಂಡೆ. ನನ್ನ ಬಳಿ ಇದ್ದವುಗಳಲ್ಲಿ ಎಲ್ಲಕ್ಕಿಂತ ಒಳ್ಳೆಯದು ಅದು. ಜಗಳ ಆಡಿದೆ. ನಾಲ್ಕು ದಿನ ಮಾತು ಬಿಟ್ಟೆ ಎಂದು ಹೇಳಲು ಈಗ ನಾಚಿಕೆ.

ಡಿಸೆಂಬರ್ 8 ಮರಿಯಮ್ಮನ ಗುಡ್ಡದ ಹಬ್ಬ. ರಾಸ್ ಎಂಬ ದೊರೆ 1864ರಲ್ಲಿ ತನಗಾಗಿ ಕಟ್ಟಿಸಿಕೊಂಡ ಮನೆ ಮುಂದೆ ಮಾತೆಯ ಮನೆಯಾಯಿತು. ಇಂಗ್ಲಿಷಿನವರಿಗೆ ರಾಸ್ ಹಿಲ್, ಜನರಿಗೆ ಕೊಂಡಗುಡಿ. ಮೀನುಗಾರರು, ಹಡಗಿನವರು, ಹರಕೆ ಹೊತ್ತ ಹಿಂದೂ ಹೆಂಗಸರು ಎಲ್ಲ ಮೇಣದಬತ್ತಿ ಹಿಡಿದು ಹತ್ತುತ್ತಾರೆ. ಭಟ್ರಮ್ಮ ತಪ್ಪಿಸಿದ್ದೇ ಇಲ್ಲ, ಕೈಯಲ್ಲಿ ಸಂಪಿಗೆ ಇರುತ್ತಿತ್ತು. 1971ರಲ್ಲಿ ಮಾತ್ರ ಊರಿಗೆ ಊರೇ ಕತ್ತಲು. ಐದು ದಿನ ಮೊದಲಷ್ಟೇ ನಡುರಾತ್ರಿ ಕಡಲಿನ ಕಡೆಯಿಂದ ಸದ್ದು ಕೇಳಿತ್ತು, ಬಾಗಿಲು ಅದುರಿತ್ತು. ಪಾಕಿಸ್ತಾನದ ಘಾಜಿ ಜಲಾಂತರ್ಗಾಮಿ ಮುಳುಗಿದ್ದು ಎಂದು ಆಮೇಲೆ ತಿಳಿಯಿತು. ಆ ವಾರವೆಲ್ಲ ನಮ್ಮ ಓಣಿಯವರು ಟ್ರಂಕು ಹೊತ್ತು ಊರು ಬಿಡುತ್ತಿದ್ದರು. ಅಮ್ಮ ಮತ್ತು ಭಟ್ರಮ್ಮ ಹೊತ್ತಿಸದ ಮೇಣದಬತ್ತಿ ಹಿಡಿದು ಹಗಲಿನಲ್ಲೇ ಹತ್ತಿ ಇಳಿದರು.

ಅಣ್ಣ ವಿಜಯವಾಡದ ಆಂಧ್ರ ಲೊಯೊಲಾ ಕಾಲೇಜು ಸೇರಿದ ಮೇಲೆ ನಮಗೆ ಆ ಊರೂ ಹತ್ತಿರವಾಯಿತು. ಯೇಸುಸಭೆಯವರು 1953ರಲ್ಲಿ ಸ್ಥಾಪಿಸಿದ ಕಾಲೇಜು ಅದು. ಅಲ್ಲಿ ಸೀಟು ಸಿಕ್ಕಿದ್ದಕ್ಕೆ ಭಟ್ರು ಹೋಟೆಲಿನಿಂದ ಜಹಂಗೀರು ತಂದಿದ್ದರು. ಪಕ್ಕದಲ್ಲೇ ಗುಣದಲ. ಇಟಲಿಯ ಅರ್ಲಾತಿ ಪಾದ್ರಿ 1924ರಲ್ಲಿ ಗುಡ್ಡದಲ್ಲಿ ಮಾತೆಯ ಪ್ರತಿಮೆ ಇಟ್ಟ ಜಾಗ. ಫೆಬ್ರವರಿ 9ರಿಂದ 11ರವರೆಗೆ ಅಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಒಂದು ವರ್ಷ ಎರಡೂ ಮನೆಯವರು ರೈಲು ಹತ್ತಿದೆವು. ಬೆಳಗ್ಗೆ ಕನಕದುರ್ಗೆ, ಮಧ್ಯಾಹ್ನ ಗುಣದಲ. ಗುಣದಲದಲ್ಲಿ ಜನ ತೆಂಗಿನಕಾಯಿ ಒಡೆಯುತ್ತಿದ್ದರು, ಸಾಲಾಗಿ ಕೂತು ಮುಡಿ ಕೊಡುತ್ತಿದ್ದರು, ತಲೆ ಬೋಳಾದ ಮಕ್ಕಳು ಶಿಲುಬೆಯ ಮೆಟ್ಟಿಲು ಹತ್ತುತ್ತಿದ್ದವು. ಮಂಗಳೂರಿನ ಶಿಸ್ತಿನಲ್ಲಿ ಬೆಳೆದ ಪಪ್ಪ ದಂಗಾಗಿ, “ಇದು ನಮ್ಮದಾ?” ಎಂದರು. ಭಟ್ರು, “ಸಿಂಹಾಚಲಕ್ಕೆ ಬನ್ನಿ ಅಂದ್ರೆ ಬರ್ಲಿಲ್ಲ, ಈಗ ಇಲ್ಲೇ ಬಂತಲ್ಲ” ಎಂದರು.

ಅಮ್ಮ ಆ ಗದ್ದಲದಲ್ಲಿ ಮಾಯವಾಗಿದ್ದರು. ಒಂದು ಗಂಟೆ ಹುಡುಕಿದ ಮೇಲೆ ಸಿಕ್ಕಾಗ ಮುಖ ಹೊಳೆಯುತ್ತಿತ್ತು. ಕೊಂಕಣಿ ಬಲ್ಲ ಪಾದ್ರಿಯೊಬ್ಬರು ಪಾಪನಿವೇದನೆ ಕೇಳುತ್ತಿರುವುದನ್ನು ಯಾರೋ ಹೇಳಿದ್ದರಂತೆ. ನಾಲ್ಕು ವರ್ಷದ್ದನ್ನು ಒಟ್ಟಿಗೆ ಹೇಳಿ ಬಂದಿದ್ದರು. “ಅಷ್ಟೊಂದು ಇತ್ತಾ ಬಾಯಮ್ಮ?” ಎಂದರು ಭಟ್ರಮ್ಮ. ವಾಪಸು ಬಂದ ಮೇಲಿನ ಕ್ರಿಸ್ಮಸ್ಸಿಗೆ ಅರಿಸೆಲು ಅಡಿಗೆಮನೆಯೊಳಗೆ ಬಂತು. ಒಳಗೆ ಏನು ಹೇಳಿದರು, ಆ ಪಾದ್ರಿ ಏನೆಂದರು, ಅಮ್ಮ ಕೊನೆಯವರೆಗೆ ಹೇಳಲಿಲ್ಲ.

ಇಂಟರ್ಮೀಡಿಯೆಟ್, ಡಿಗ್ರಿ ಎಲ್ಲ ನಾನೂ ಭಟ್ರ ಮಗಳೂ ಜ್ಞಾನಾಪುರಂನ ಸೇಂಟ್ ಜೋಸೆಫ್ಸ್ ಮಹಿಳಾ ಕಾಲೇಜಿನಲ್ಲಿ ಮುಗಿಸಿದೆವು. 1958ರಲ್ಲಿ ಅದು ತೆರೆದಿರದಿದ್ದರೆ ಭಟ್ರು ಮಗಳನ್ನು ಗಂಡುಹುಡುಗರ ಜೊತೆ ಓದಿಸುತ್ತಿದ್ದರು ಎಂದು ನನಗೆ ನಂಬಿಕೆಯಿಲ್ಲ, ಪಪ್ಪನೂ ಅಷ್ಟೇ. ಆಮೇಲೆ ಮದುವೆ, ವರ್ಗಾವಣೆ. ಪಪ್ಪ ನಿವೃತ್ತಿಯಾಗಿ ಮಂಗಳೂರಿಗೆ ಮರಳಿದರು. ಅಲ್ಲಿ ಪೂಜೆ ಕೊಂಕಣಿಯಲ್ಲಿ, ಅಮ್ಮ ಇಷ್ಟು ವರ್ಷ ಬಯಸಿದ್ದು ಅದನ್ನೇ. ಆದರೆ ನಾನು ಪಕ್ಕದಲ್ಲಿ ನಿಂತು ಕೇಳಿದ್ದೇನೆ, ಎಲ್ಲರೂ ಕೊಂಕಣಿಯಲ್ಲಿ ಉತ್ತರಿಸುವಾಗ ಅಮ್ಮನ ತುಟಿ ತೆಲುಗಿನಲ್ಲಿ ಆಡುತ್ತಿತ್ತು.

ಹುದ್‌ಹುದ್ ಚಂಡಮಾರುತ ಬಂದ 2014ರ ನಂತರ ಒಮ್ಮೆ ಹೋಗಿದ್ದೆ. ಕಾನ್ವೆಂಟಿನ ಬಾದಾಮಿ ಮರ ಉರುಳಿತ್ತು. ಆಫೀಸಿನಲ್ಲಿ ಒಬ್ಬರು ಸಿಸ್ಟರ್, ಪಾಠ ಮಾಡುವವರೆಲ್ಲ ಹೊರಗಿನವರು. ಮೊದಲ ಪಿರಿಯಡ್ಡಿನಲ್ಲಿ ಈಗ ಯಾರೂ ಎದ್ದು ಹೋಗುವುದಿಲ್ಲವಂತೆ. ಎಲ್ಲರಿಗೂ ಗಣಿತ. ತಂದೆತಾಯಿಗಳು ಕೇಳುವುದೇ ಅದನ್ನು ಎಂದರು ಸಿಸ್ಟರ್. ಹತ್ತನೇ ತರಗತಿ ಮುಗಿದ ಮಕ್ಕಳು ಲೊಯೊಲಾದ ಹೆಸರು ಹೇಳುವುದು ಕಡಿಮೆ, ವಿಜಯವಾಡ ಎಂದರೆ ಅವರಿಗೆ ಬೆಳಗಿನ ಐದರಿಂದ ರಾತ್ರಿ ಹತ್ತರವರೆಗೆ ಕೂಡಿಹಾಕಿ ಓದಿಸುವ ಕಾರ್ಪೊರೇಟ್ ಕಾಲೇಜುಗಳ ಹಾಸ್ಟೆಲು. 2021ರಲ್ಲಿ ಆಂಧ್ರ ಸರ್ಕಾರ ಅನುದಾನಿತ ಶಾಲೆಗಳನ್ನು, ಒಂದೋ ನಮಗೆ ಒಪ್ಪಿಸಿ, ಇಲ್ಲ ಅನುದಾನ ಬಿಡಿ ಎಂದಾಗ ತಂದೆತಾಯಿಗಳು ಬೀದಿಗಿಳಿದದ್ದನ್ನು ಟಿವಿಯಲ್ಲಿ ನೋಡಿದೆ. ಅದರಲ್ಲಿ ಬುರ್ಖಾ ಇತ್ತು, ಕುಂಕುಮ ಇತ್ತು. ಜಪಸರವೂ ಇದ್ದಿರಬೇಕು, ಕಾಣಲಿಲ್ಲ. ಸರ್ಕಾರ ಆಮೇಲೆ ಪಟ್ಟು ಸಡಿಲಿಸಿತು.

ಭಟ್ರ ಮಗಳು ಈಗ ಮೈಸೂರಿನಲ್ಲಿ. ಅಕ್ಷಯ ತೃತೀಯಕ್ಕೆ ಸಿಂಹಾಚಲ ಬಿಟ್ಟಿಲ್ಲ, ಮೊಣಕಾಲು ನೋವಿದ್ದರೂ ಹೋಗುತ್ತಾಳೆ. ಈಚೆಗೆ ಒಂದು ವರ್ಷ ಸಾಲಿನಿಂದಲೇ ಫೋನು ಮಾಡಿದಳು. ಹಿಂದೆ ಗದ್ದಲ, ಗೋವಿಂದ ಎನ್ನುವ ಕೂಗು.

“ನಿಮ್ಮಲ್ಲಿ ಈಗಲೂ ನೇರಳೆ ಬಟ್ಟೆ ಹೊದಿಸ್ತಾರಾ?”

“ಕೆಲವು ಚರ್ಚಿನಲ್ಲಿ ಮತ್ತೆ ಶುರು ಮಾಡಿದ್ದಾರಂತೆ.”

“ಅಂತೆ ಅಂದ್ರೆ? ನೀನು ಹೋಗಿಲ್ವಾ?”

“ಹೋಗ್ತೇನೆ, ಕ್ರಿಸ್ಮಸ್ಸಿಗೆ.”

ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದಳು. ಸಾಲು ಮುಂದೆ ಸರಿಯಿತು ಅಂತ ಕಾಣುತ್ತದೆ, ಯಾರೋ ತೆಲುಗಿನಲ್ಲಿ ನಡೆಯಮ್ಮ ಎಂದರು. ಫೋನ್ ಇಡುತ್ತೇನೆ ಎಂದವಳು ಇಡುವ ಮೊದಲು ಥೇಟ್ ಅವಳಮ್ಮನ ದನಿಯಲ್ಲಿ ಕೇಳಿದಳು: “ನೋಬಿಸ್ ಆಯ್ತಾ ಬಾಯಮ್ಮ?”

ಆಯ್ತು ಎಂದೆ. ಆಗಿರಲಿಲ್ಲ.